ಸೋರೆಕಾಯಿಗೆ ಹೊಲಿದ ಅಂಗಿ

ತಪ್ಪು ಬೇರೆ ಯಾರದೂ ಅಲ್ಲ, ಟೈಲರ್ ಮಾಸ್ತರರದೇ. ಹೋದ ವರ್ಷ ಹಿತ್ತಿಲಲ್ಲಿ ಮೊದಲ ಸೋರೆಕಾಯಿ ಬಿಟ್ಟಾಗ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು. ಆ ಖುಷಿಯಲ್ಲಿ ಬೀಜಗಳನ್ನೆಲ್ಲ ಒಣಗಿಸಿ, ಹೊಲಿದ ಬಟ್ಟೆ ಒಯ್ಯಲು ಬಂದ ಗಿರಾಕಿಗಳ ಜೇಬಿಗೆ ನಾಲ್ಕು ನಾಲ್ಕು ಹಾಕಿ, "ನೆಟ್ಟು ನೋಡಿ, ನನ್ನನ್ನ ನೆನೆಸ್ಕೊಳ್ತೀರಿ" ಅಂದಿದ್ದರು. ಗಿರಾಕಿಗಳು ನೆಟ್ಟರು. ಈ ವರ್ಷ ಬೀದಿಯ ಗೋಡೆ, ಬೇಲಿ, ನೀರಿನ ತೊಟ್ಟಿ ಎಲ್ಲದರ ಮೇಲೂ ಸೋರೆಬಳ್ಳಿಯೇ. ಎಲ್ಲರೂ ಮಾಸ್ತರರನ್ನು ನೆನೆಸಿಕೊಳ್ಳುತ್ತಿದ್ದರು. ಏನೇನು ಅಂದು ನೆನೆಸಿಕೊಂಡರು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮಾಸ್ತರರ ಮನೆಯಲ್ಲಂತೂ ಮಂಚದ ಕೆಳಗೆ, ಬಾಗಿಲ ಹಿಂದೆ, ಕೊನೆಗೆ ಸ್ನಾನದ ಮನೆಯ ಮೂಲೆಯಲ್ಲೂ ಸೋರೆಕಾಯಿ. ಅವರ ಹೆಂಡತಿ ಒಂದು ಕಾಳನ್ನೂ ಎಸೆಯುವ ಪೈಕಿ ಅಲ್ಲ. ಬೇಯಿಸಿದರು, ಹುರಿದರು, ಸುಟ್ಟರು, ತುರಿದು ಹಿಟ್ಟಿಗೆ ಕಲಸಿದರು, ಸಕ್ಕರೆ ಹಾಕಿ ಕುದಿಸಿದರು, ಸಿಪ್ಪೆಯನ್ನೂ ಬಿಡದೆ ಒಣಗಿಸಿ ಕರಿದರು. ಮೆಟ್ಟಿಲ ಕೆಳಗಿನ ಬುಟ್ಟಿಯಲ್ಲಿ ಆಲೂಗಡ್ಡೆ ಇತ್ತು. ಮಾಸ್ತರರು ಅದನ್ನು ದಿನಾ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

"ಇವತ್ತಾದ್ರೂ ಆಲೂಗಡ್ಡೆ ಹುರೀತೀಯೇನೇ?"

"ಆಲೂಗಡ್ಡೆ ಎಲ್ಲಿಗೆ ಓಡೋಗುತ್ತೆ? ಅದು ಕೆಡಲ್ಲ, ಸೋರೆಕಾಯಿ ಕೆಡುತ್ತೆ. ಸಾಯಂಕಾಲದೊಳಗೆ ಮನೇಲಿ ಒಂದೂ ಸೋರೆಕಾಯಿ ಇಲ್ಲದ ಹಾಗೆ ಮಾಡಿ, ರಾತ್ರಿ ಗರಿಗರಿಯಾಗಿ ಹುರಿದು ಹಾಕ್ತೀನಿ. ಆದ್ರೆ ಎಸೆಯೋ ಹಾಗಿಲ್ಲ, ಯಾರಾದ್ರೂ ತಿನ್ನೋರಿಗೇ ಕೊಡ್ಬೇಕು. ನೋಡಿ ಮತ್ತೆ!"

ಮಾಸ್ತರರ ಬಾಯಲ್ಲಿ ನೀರೂರಿತು. ಬಳ್ಳಿಯಲ್ಲಿದ್ದ ಎಳೆಗಾಯಿಯನ್ನೂ ಬಿಡದೆ ಕಿತ್ತು, ಎಲ್ಲವನ್ನೂ ತಳ್ಳುಗಾಡಿಗೆ ಹೇರಿಕೊಂಡು ಅಂಗಡಿಗೆ ಹೊರಟರು.

ಗಾಡಿ ಕಂಡದ್ದೇ ಎದುರಿನ ಬೇಕರಿಯವನು ಅರ್ಧ ಶಟರ್ ಎಳೆದುಬಿಟ್ಟ. ಮಗಳ ಫ್ರಾಕು ಒಯ್ಯಲು ಬರುತ್ತಿದ್ದ ಟೀಚರಮ್ಮ, "ಅಯ್ಯೋ, ಹಾಲು ಒಲೆ ಮೇಲಿಟ್ಟು ಬಂದೆ!" ಎಂದು ಅಲ್ಲಿಂದಲೇ ಕಾಲಿಗೆ ಬುದ್ಧಿ ಹೇಳಿದರು. ಅಂಗಡಿಯ ಬೆಂಚಿನ ಮೇಲೆ ದಿನವಿಡೀ ಪೇಪರ್ ಓದುವ ಪೋಸ್ಟ್ ಅಜ್ಜ ಮಾತ್ರ ಓಡಲಿಲ್ಲ. ಅವರಿಗೆ ಮಂಡಿನೋವು.

"ಅಜ್ಜಾ, ಒಂದೇ ಒಂದು..."

"ಲೋ, ನಿನ್ನ ಬೀಜದ ದೆಸೆಯಿಂದ ನನ್ನ ಹಾಸಿಗೇಲೂ ಸೋರೆಕಾಯಿ ಮಲಗಿದೆ. ನಾನು ಚಾಪೆ ಮೇಲಿದೀನಿ. ಮಾಡಿದ್ದುಣ್ಣೋ ಮಹಾರಾಯ!"

ಮಾಸ್ತರರು ಪೆಚ್ಚಾಗಿ ಕೆಲಸಕ್ಕೆ ಕೂತರು. ಒಂದು ಕೋಟಿನ ತೋಳಿಗೆ ಇಸ್ತ್ರಿ ಹಾಕಬೇಕಿತ್ತು. ಒಳಗೆ ತುರುಕುವ ದಿಂಬು ಸಿಗದೆ ಸೋರೆಕಾಯಿಯನ್ನೇ ತುರುಕಿದರು. ನೋಡಿದರೆ ಕೋಟು ತೊಟ್ಟ ಸೋರೆಕಾಯಿ ಮದುವಣಿಗನ ಹಾಗೆ ಜೋರಾಗಿ ಕಾಣುತ್ತಿತ್ತು! ಮಾಸ್ತರರ ತಲೆಗೆ ಹುಳ ಹೊಕ್ಕಿತು. ಮೂಲೆಯ ಚಿಂದಿ ಬಟ್ಟೆಯನ್ನೆಲ್ಲ ಗುಡ್ಡೆ ಹಾಕಿ ಮಿಷನ್ ತುಳಿದೇ ತುಳಿದರು. ಹೂವಿನ ಬಟ್ಟೆಯ ಚೀಲ, ಕುತ್ತಿಗೆಗೆ ಕಾಲರು, ಎದೆಗೆ ಸಾಲಾಗಿ ಗುಂಡಿ, ಮೇಲೆ ಹಿಡಿದುಕೊಳ್ಳಲು ಲಾಡಿ. ಸೋರೆಕಾಯಿಗೆ ಹೇಳಿ ಮಾಡಿಸಿದ ಅಂಗಿ.

ಹಾಲಿನ ನೆಪ ಮುಗಿಸಿ ಮೆಲ್ಲಗೆ ಬಂದ ಟೀಚರಮ್ಮ ಬಾಗಿಲಲ್ಲೇ ನಿಂತರು. "ಅಯ್ಯೋ, ಎಷ್ಟು ಮುದ್ದಾಗಿದೆ! ಈ ಚೀಲ ನಂಗೆ ಬೇಕು."

"ತಗೊಳ್ಳಿ ಅಕ್ಕಾ, ಸುಮ್ನೆ ತಗೊಳ್ಳಿ. ಒಳಗಿರೋದನ್ನ ಮಾತ್ರ ತೆಗೆಯೋ ಹಾಗಿಲ್ಲ. ಅಡುಗೆ ಮಾಡ್ಲೇಬೇಕು."

ಸುದ್ದಿ ಬೀದಿಗೆಲ್ಲ ಹಬ್ಬಿತು. ಬೇಕರಿಯವನ ಶಟರ್ ಮೇಲೆದ್ದಿತು. ಮಧ್ಯಾಹ್ನದ ಊಟದ ಹೊತ್ತಿಗೆ ಗಾಡಿ ಖಾಲಿ! ಮಾಸ್ತರರು ಕುಣಿಯುವುದೊಂದು ಬಾಕಿ. ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಇಡೀ ಬೀದಿಗೆ ಕೇಳುವ ಹಾಗೆ ಸಾರಿದರು: "ನಮ್ಮನೇಲೀಗ ಒಂದೇ ಒಂದು ಸೋರೆಕಾಯಿ ಇಲ್ಲ! ಬಳ್ಳೀಲೂ ಇಲ್ಲ! ಹುಡುಕಿದ್ರೂ ಸಿಗಲ್ಲ!"

"ಹೌದಾ?" ಎಂದು ಪೋಸ್ಟ್ ಅಜ್ಜ ಪೇಪರ್ ಮಡಿಸಿದರು. ಮಂಡಿ ಹಿಡಿದುಕೊಂಡೇ ಎದ್ದು ಬೇಕರಿಯ ಕಡೆ ನಡೆದರು.

ಸ್ವಲ್ಪ ಹೊತ್ತಿಗೆ ಬೇಕರಿಯವನು ತನ್ನ ಮನೆಯ ಸೋರೆಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. "ಮಾಸ್ತರೇ, ಇದಕ್ಕೂ ಒಂದು ಅಂಗಿ ಹೊಲಿದುಕೊಡಿ. ಬೆಳಗ್ಗೆ ಕೊಟ್ಟಿದ್ದನ್ನ ನನ್ನ ಹೆಂಡತಿ ಕೈಬಿಡಲ್ಲ ಅಂತಾಳೆ. ಇದನ್ನ ಒಬ್ಬರಿಗೆ ಉಡುಗೊರೆ ಕೊಡೋದಿದೆ."

ಮಾಸ್ತರರು ಖುಷಿಯಿಂದ ಟೇಪು ಹಿಡಿದು ಅಳತೆ ತೆಗೆದರು. "ಸೊಂಟ ಸ್ವಲ್ಪ ದಪ್ಪ. ಒಂಚೂರು ಸಡಿಲ ಬಿಡ್ತೀನಿ." ಅವನ ಹಿಂದೆ ಟೀಚರಮ್ಮ ಎರಡು ತಂದರು, ಅಕ್ಕತಂಗಿಯರ ಹಾಗೆ ಎರಡಕ್ಕೂ ಒಂದೇ ಬಟ್ಟೆ ಆಗಬೇಕಂತೆ. ಕೊನೆಗೆ ಪೋಸ್ಟ್ ಅಜ್ಜ ಕೂಸಿನಷ್ಟು ದೊಡ್ಡದನ್ನು ಎದೆಗವಚಿಕೊಂಡು ಬಂದರು. "ನಂದಕ್ಕೆ ಒಂದು ಜೇಬೂ ಇರಲಪ್ಪಾ."

"ಯಾರಿಗೆ ಅಜ್ಜಾ ಇದು?"

"ಪಾಪ, ಒಬ್ಬರಿಗೆ. ಇಲ್ಲದವರಿಗೆ ಕೊಟ್ಟರೆ ಪುಣ್ಯ ಅಲ್ವಾ?"

ಯಾವ ಬಡಪಾಯಿ ಸಿಕ್ಕಿಬಿದ್ದನೋ ಎಂದು ಮಾಸ್ತರರು ಒಳಗೊಳಗೇ ನಕ್ಕರು. ಬಟ್ಟೆ ತುಂಡು ಮುಗಿಯುವವರೆಗೂ ಹೊಲಿದರು. ಒಂದು ಗುಂಡಿಯೂ ಸಡಿಲಾಗಬಾರದೆಂದು ಹಲ್ಲಿನಿಂದ ದಾರ ಎಳೆದು ನೋಡಿದರು. ಕೆಲಸ ಅಂದರೆ ಕೆಲಸ.

ಸಂಜೆ ಮನೆಗೆ ಹೋದಾಗ ಹೆಂಡತಿ ನಗುನಗುತ್ತ ಆಲೂಗಡ್ಡೆ ತೊಳೆಯುತ್ತಿದ್ದರು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಮಾಸ್ತರರು ತಟ್ಟೆ ಹಾಕಿಕೊಂಡು ಕೂತರು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಬಾಗಿಲಲ್ಲಿ ಇಡೀ ಬೀದಿಯೇ ನಿಂತಿತ್ತು. ಎಲ್ಲರ ಕೈಯಲ್ಲೂ ಕಾಲರು, ಗುಂಡಿ, ಲಾಡಿ.

"ಏನಮ್ಮಾ ಇದು," ಎಂದರು ಟೀಚರಮ್ಮ ಕರುಣೆಯಿಂದ, "ಬೀದಿಗೆಲ್ಲ ಬೀಜ ಕೊಟ್ಟವರ ಮನೇಲೇ ಒಂದು ಸೋರೆಕಾಯಿ ಇಲ್ಲ ಅಂದ್ರೆ! ಕೇಳಿ ಹೊಟ್ಟೆ ಚುರುಕ್ ಅಂತು. ಮಾಸ್ತರರೇ ಅಷ್ಟು ಜೋರಾಗಿ ಹೇಳ್ಕೊಂಡ್ರು, ಪಾಪ."

"ಬೇರೆ ಯಾರಿಗೆ ಕೊಡೋದು?" ಎಂದ ಬೇಕರಿಯವನು. "ಇಲ್ಲದಿರೋದು ನಿಮ್ಮನೇಲಿ ಮಾತ್ರ."

ಮಾಸ್ತರರ ಹೆಂಡತಿಯ ಕಣ್ಣು ತುಂಬಿ ಬಂತು. "ಎಂಥಾ ಜನ!" ಎಂದು ಒಂದೊಂದನ್ನೂ ಎರಡು ಕೈಯಲ್ಲಿ ಇಸಿದುಕೊಂಡರು. ಆಮೇಲೆ ಆಲೂಗಡ್ಡೆಯನ್ನು ಒರೆಸಿ ಒರೆಸಿ ಬುಟ್ಟಿಗೆ ಹಾಕಿದರು. "ಅದು ಕೆಡಲ್ಲ ರೀ."

ಮಾಸ್ತರರು ಖಾಲಿ ತಟ್ಟೆ ನೋಡಿದರು, ತಾವೇ ಹೊಲಿದ ಗುಂಡಿಗಳನ್ನು ನೋಡಿದರು. ನಗು ತಡೆಯಲಾಗಲಿಲ್ಲ. ಹೊಲಿಗೆಯಂತೂ ಅಚ್ಚುಕಟ್ಟಾಗಿತ್ತು. "ಬಡಿಸೇ, ಅದನ್ನೇ ಬಡಿಸು," ಎಂದರು.

ಎಲ್ಲರೂ ಹೋದ ಮೇಲೂ ಪೋಸ್ಟ್ ಅಜ್ಜ ಹೊಸ್ತಿಲಲ್ಲೇ ನಿಂತಿದ್ದರು. "ಲೋ ಮಾಸ್ತರಾ, ನನ್ನದರ ಜೇಬು ನೋಡಿದ್ಯಾ?"

ಮಾಸ್ತರರು ಜೇಬಿಗೆ ಬೆರಳು ಹಾಕಿದರು. ಒಳಗೆ ಒಣಗಿದ ಬೀಜ, ನಾಲ್ಕು.

"ನೆಟ್ಟು ನೋಡು," ಎಂದರು ಅಜ್ಜ, "ನನ್ನನ್ನ ನೆನೆಸ್ಕೊಳ್ತೀಯ."