ತಕರಾರಿಲ್ಲದ ಮರ

ನಮ್ಮ ಕಣಿವೆಯಲ್ಲಿ ಕಳೆದ ನಾಲ್ಕು ಬೇಟೆ ಹಂಗಾಮುಗಳಿಂದ ಅತಿಕ್ರಮಣದ ಒಂದು ದೂರೂ ದಾಖಲಾಗಿಲ್ಲ. ನೆರೆಹೊರೆ ಸೌಹಾರ್ದ ಸಮಿತಿಯ ಅಧ್ಯಕ್ಷನಾಗಿ ಇದನ್ನು ಪ್ರಕಟಿಸಲು ನನಗೆ ಹೆಮ್ಮೆಯಿದೆ. ಉಪಾಧ್ಯಕ್ಷ ನನ್ನ ಪಕ್ಕದ ಜಮೀನಿನ ಹರ್ಷೆಲ್ ಪೋಗ್. ಸಮಿತಿಯಲ್ಲಿ ಬೇರೆ ಸದಸ್ಯರಿಲ್ಲ. ಅಧ್ಯಕ್ಷಗಿರಿ ವರ್ಷಕ್ಕೊಬ್ಬರಂತೆ ಬದಲಾಗಬೇಕೆಂದು ನಿಯಮವಿದೆ. ಆದರೆ ಅಧಿಕಾರ ಹಸ್ತಾಂತರಕ್ಕೆ ಒಬ್ಬರು ಇನ್ನೊಬ್ಬರ ಜಮೀನಿಗೆ ಕಾಲಿಡಬೇಕಾಗುವುದರಿಂದ ಅದನ್ನು ಮುಂದೂಡಲಾಗಿದೆ.

ಸಮಿತಿ ಹುಟ್ಟಿದ್ದು ಒಂದು ಗಂಡು ಜಿಂಕೆಯಿಂದ. ಮರಕ್ಕೆ ಕಟ್ಟಿದ ನನ್ನ ಕ್ಯಾಮೆರಾದಲ್ಲಿ ಅದು ಮೊದಲ ಸಲ ಕಂಡಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಅಗಲವಾದ ಕವಲುಕೊಂಬು, ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದು ನಿಂತ ಡೀಕನ್‌ನ ಗಂಭೀರ ಮುಖ. ಆದ್ದರಿಂದ ಡೀಕನ್ ಎಂದೇ ಹೆಸರಿಟ್ಟೆ. ಒಲೆಗೂಡಿನ ಮೇಲಿದ್ದ ಅಪ್ಪನ ಫೋಟೊ ತೆಗೆದು, ಮುಂದೆ ಡೀಕನ್‌ನ ಕೊಂಬು ತೂಗುಹಾಕಲೆಂದು ಅಲ್ಲಿ ಗೋಡೆಗೆ ದಪ್ಪನೆಯ ಮೊಳೆ ಹೊಡೆದೆ. ಪೋಗ್‌ನ ಕ್ಯಾಮೆರಾದಲ್ಲೂ ಅದೇ ಜಿಂಕೆ ಕಂಡಿತ್ತು. ಅವನು ಅದಕ್ಕೆ ತನ್ನ ಮಾವನ ಹೆಸರಿಟ್ಟಿದ್ದ. ಈ ಹೆಸರನ್ನು ಸಮಿತಿ ಮಾನ್ಯ ಮಾಡಿಲ್ಲ.

ಆ ವರ್ಷ ಪೋಗ್ ಗಡಿಯ ಓಕ್ ಮರಕ್ಕೆ ಬೇಟೆಯ ಅಟ್ಟಣೆ ಕಟ್ಟಿದ. ಅದರ ಬೆನ್ನು ಅವನ ಜಮೀನಿಗೆ, ಮುಖ ನನ್ನ ಕಾಡಿಗೆ. ನೆರೆಯವನ ಜಿಂಕೆಯ ಮೇಲೆ ಕಣ್ಣಿಡುವುದು ಎಂಥ ನೀಚತನ ಎಂಬುದು ನನ್ನ ಅಟ್ಟಣೆಯ ಮೇಲೆ ಕೂತು ನೋಡಿದಾಗ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಅಟ್ಟಣೆಯೂ ಅವನ ಕಡೆಗೇ ಮುಖ ಮಾಡಿತ್ತು. ಆದರೆ ಅದು ಬೆಳಗಿನ ಬಿಸಿಲಿಗಾಗಿ.

ನಮ್ಮ ರಾಜ್ಯದಲ್ಲಿ ಮರಕ್ಕೆ ನೇರಳೆ ಬಣ್ಣದ ಪಟ್ಟೆ ಬಳಿದರೆ ಒಳಗೆ ಕಾಲಿಡಬಾರದು ಎಂದು ಅರ್ಥ. ಹಿಂದೆ ಬೋರ್ಡು ಹಾಕುತ್ತಿದ್ದರು, ಬೇಟೆಗಾರರು ಅದಕ್ಕೇ ಗುರಿಯಿಟ್ಟು ಕೈ ಪಳಗಿಸಿಕೊಳ್ಳುತ್ತಿದ್ದರು. ಬಣ್ಣಕ್ಕೆ ಗುಂಡು ತಾಗಿದರೂ ಬಣ್ಣ ಬಣ್ಣವೇ. ನಾನು ಗಡಿಯ ಓಕ್ ಮರಗಳಿಗೆಲ್ಲ ಬಣ್ಣ ಬಳಿದೆ. ಮಾರನೆಯ ದಿನ ನೋಡಿದರೆ ಅದೇ ಮರಗಳ ಆಚೆ ಬದಿಗೆ ಪೋಗ್ ಬಣ್ಣ ಬಳಿದಿದ್ದ.

ಅರಣ್ಯ ಇಲಾಖೆಯ ಅಧಿಕಾರಿ ಕಿಂಬ್ರೋ ಮೇಡಂ ಬಂದು, ಒಬ್ಬ ಸರ್ವೇಯರನ್ನು ಕರೆಸಿ ಎಂದು ಸಲಹೆ ಕೊಟ್ಟರು. ನಾವಿಬ್ಬರೂ ಒಮ್ಮತದಿಂದ ಅದನ್ನು ತಿರಸ್ಕರಿಸಿದೆವು. ಸರ್ವೇಯರು ಬಂದರೆ ಗಡಿ ಎಲ್ಲಿದೆ ಎಂದು ಗೊತ್ತಾಗಿಬಿಡುವ ಅಪಾಯವಿತ್ತು. ಬದಲಿಗೆ ಸಮಿತಿ ರಚಿಸಿ ಮೊದಲ ನಿಯಮ ಮಾಡಿದೆವು: ನೆರೆಯವನ ತಕರಾರಿಲ್ಲದ ಮರಕ್ಕೆ ಮಾತ್ರ ಬಣ್ಣ ಬಳಿಯತಕ್ಕದ್ದು. ಗಡಿಯ ಓಕ್‌ಗಳಿಗೆ ತಕರಾರಿತ್ತು. ಆದ್ದರಿಂದ ನಾನು ಒಂದು ಸಾಲು ಒಳಗೆ ಸರಿದು ಬಣ್ಣ ಬಳಿದೆ. ಅವನೂ ತನ್ನ ಕಡೆ ಒಂದು ಸಾಲು ಸರಿದ. ನಡುವೆ ಉಳಿದ ಜಾಗಕ್ಕೆ ಸೌಹಾರ್ದ ವಲಯ ಎಂದು ಹೆಸರಿಟ್ಟು, ಇನ್ನೊಬ್ಬನ ಒಪ್ಪಿಗೆಯಿಲ್ಲದೆ ಯಾರೂ ಅಲ್ಲಿ ಕಾಲಿಡಬಾರದೆಂದು ಎರಡನೆಯ ನಿಯಮ ಮಾಡಿದೆವು.

ಮುಂದಿನ ವರ್ಷ ಪೋಗ್ ತನ್ನ ಸಾಲಿನಾಚೆ ನಿಂತು ನನ್ನ ಹೊಸ ಸಾಲಿಗೂ ತಕರಾರು ಎತ್ತಿದ.

"ನೋಡಪ್ಪ ಲೋಯೆಲ್, ನಿನ್ನ ಜಾಗ ಇಲ್ಲಿಂದ ಶುರು ಅಂತ ನೀನೇ ಬಣ್ಣ ಬಳಿದು ಒಪ್ಕೊಂಡಿದ್ದೀಯ. ಅಂದ್ಮೇಲೆ ಇದೇ ಗಡಿಮರ. ಗಡಿಮರ ಅಂದ್ಮೇಲೆ ಅರ್ಧ ನನ್ನದು."

ಹಿಂದಿನ ವಾರ ಅವನ ಮರಗಳ ಬಗ್ಗೆ ನಾನು ಹೇಳಿದ್ದೂ ಇದನ್ನೇ. ಇಬ್ಬರೂ ಮತ್ತೊಂದಿಷ್ಟು ಒಳಗೆ ಸರಿದೆವು.

ಹೀಗೆ ವರ್ಷ ವರ್ಷವೂ ಸೌಹಾರ್ದ ಬೆಳೆಯಿತು. ನನ್ನ ಅಟ್ಟಣೆ ಅದರೊಳಗೆ ಹೋಯಿತು. ಅವನ ಅಟ್ಟಣೆ, ಅವನ ಮೆಕ್ಕೆಜೋಳದ ಹೊಲ, ನನ್ನ ಕೊಟ್ಟಿಗೆಯ ಹಿಂಬದಿ, ಅಂಚೆಪೆಟ್ಟಿಗೆ, ಬಟ್ಟೆ ಒಣಗಿಸುವ ತಂತಿ ಎಲ್ಲವೂ ಹೋದವು. ಈಗ ನನ್ನ ಜಮೀನಿನಲ್ಲಿ ತಕರಾರಿಲ್ಲದ್ದು ಅಡುಗೆಮನೆ ಕಿಟಕಿಯ ಪಕ್ಕದ ವಾಲ್‌ನಟ್ ಮರ ಒಂದೇ. ಅವನಿಗೆ ಜಗಲಿ ಮುಂದಿನ ಪೇರ್ ಹಣ್ಣಿನ ಗಿಡ. ನನ್ನ ಹೆಂಡತಿ ನಡೀನ್ ಮಾತ್ರ ವಲಯದೊಳಗೆ ಹೋಗಿ ಬಟ್ಟೆ ಒಣಹಾಕಿ ಬರುತ್ತಾಳೆ. ನಿಮ್ಮಿಬ್ಬರ ಬಣ್ಣ ಒಣಗೋವರೆಗೂ ನನ್ನ ಬಟ್ಟೆ ಕಾಯಲ್ಲ ಅಂದಳು. ಆಕೆಯನ್ನು ಗಾಳಿ ಮಳೆಯಂತೆ ನೈಸರ್ಗಿಕ ಕಾರಣ ಎಂದು ಸಮಿತಿ ಪರಿಗಣಿಸಿದೆ.

ಜಿಂಕೆಗಳು ನಿಯಮವನ್ನು ನಮಗಿಂತ ಬೇಗ ಅರ್ಥ ಮಾಡಿಕೊಂಡವು. ಇಡೀ ಕಣಿವೆಯ ಜಿಂಕೆಗಳು ವಲಯಕ್ಕೆ ವಾಸ ಬದಲಿಸಿದವು. ಡೀಕನ್ ಪ್ರತಿ ಸಂಜೆ ಬಂದು ಪೋಗ್‌ನ ಜೋಳ ತಿಂದು, ನನ್ನ ಸೇಬು ತಿಂದು, ನಡೀನ್‌ಳ ಹೂವಿನ ಪಾತಿಯಲ್ಲಿ ಮಲಗುತ್ತಿತ್ತು. ನಾನು ಜಗಲಿಯಲ್ಲಿ ತೊಡೆಯ ಮೇಲೆ ಬಂದೂಕು ಇಟ್ಟುಕೊಂಡು ನೋಡುತ್ತಿದ್ದೆ. ಆಚೆ ಜಗಲಿಯಲ್ಲಿ ಪೋಗ್ ಕೂಡ. ಹೊಡೆದ ಜಿಂಕೆಯನ್ನು ಎತ್ತದೆ ಬಿಡುವುದು ಅಪರಾಧ. ಎತ್ತಲು ಹೋಗುವುದು ಅತಿಕ್ರಮಣ. ಒಪ್ಪಿಗೆ ಕೊಟ್ಟರೆ ಸಾಕಿತ್ತು. ಆದರೆ ಡೀಕನ್‌ಗಾಗಿ ನಾನು ಕೇಳಿದರೆ ಅವನು ಕೊಡುವುದಿಲ್ಲ, ಅವನು ಕೇಳಿದರೆ ನಾನು ಕೊಡುವುದಿಲ್ಲ ಎಂಬ ವಿಷಯದಲ್ಲಿ ನಮ್ಮ ನಡುವೆ ಪೂರ್ಣ ವಿಶ್ವಾಸವಿತ್ತು.

ಕಳೆದ ನವೆಂಬರಿನಲ್ಲಿ, ಹಂಗಾಮು ಶುರುವಾದ ಬೆಳಿಗ್ಗೆಯೇ, ಡೀಕನ್ ವಯಸ್ಸಾಗಿ ಸತ್ತುಹೋಯಿತು. ವಲಯದ ನಟ್ಟನಡುವೆ, ಹಿಕರಿ ಮರದ ಕೆಳಗೆ, ಎರಡೂ ಜಗಲಿಗಳಿಗೆ ಚೆನ್ನಾಗಿ ಕಾಣುವಂತೆ. ನನ್ನ ಕಾಫಿ ತಣ್ಣಗಾಯಿತು. ಒಳಗೆ ಹೋಗಿ ಗೋಡೆಯ ಮೊಳೆಯನ್ನು ನೋಡಿ ಬಂದೆ. ಫೋನ್ ಹೊಡೆದುಕೊಂಡಿತು.

"ಕಂಡ್ಯಾ?" ಅಂದ ಪೋಗ್.

"ಕಂಡೆ."

"ನಾನು ಹೋಗಿ ಎತ್ಕೊಂಡು ಬರ್ತೀನಿ. ಹೂಂ ಅನ್ನು."

"ನೀನು ಹೂಂ ಅನ್ನು, ನಾನು ಹೋಗ್ತೀನಿ."

ಇದನ್ನೇ ಇಬ್ಬರೂ ಸರದಿಯಂತೆ ಹೇಳುತ್ತ ಹೋದೆವು. ಕೊನೆಗೆ ನಡೀನ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು.

"ಹರ್ಷೆಲ್, ಎಡಗೊಂಬು ನಿನಗೆ, ಬಲಗೊಂಬು ಇವರಿಗೆ. ಇಬ್ರೂ ಒಟ್ಟಿಗೆ ಹೋಗಿ ಕೊಯ್ಕೊಂಡು ಬನ್ನಿ. ನಾನು ನನ್ನ ತಂಗಿ ಮನೆಗೆ ಹೊರಟೆ."

ಪ್ರಸ್ತಾವ ಅವಿರೋಧವಾಗಿ ಅಂಗೀಕಾರವಾಯಿತು. ಎಡಗೊಂಬು ಪೋಗ್‌ನದು, ಬಲಗೊಂಬು ನನ್ನದು. ಜಾರಿಗೆ ಉಳಿದದ್ದು ಸಣ್ಣ ವಿವರ: ಮೊದಲ ಹೆಜ್ಜೆ ಯಾರು ಇಡಬೇಕು. ಒಂದು ಕ್ಷಣ ಮುಂಚೆ ಕಾಲಿಟ್ಟವನು ಆ ಕ್ಷಣದ ಮಟ್ಟಿಗೆ ಅತಿಕ್ರಮಣಕಾರ. ನಾನು ವಾಲ್‌ನಟ್ ಮರದ ಬುಡದಲ್ಲಿ ಕಾಲೆತ್ತಿ ನಿಂತೆ, ಅವನು ಪೇರ್ ಗಿಡದ ಬುಡದಲ್ಲಿ ಕಾಲೆತ್ತಿ ನಿಂತ. ಇಬ್ಬರಿಗೂ ಮೊಣಕಾಲು ನೋವಿದೆ. ಸಭೆಯನ್ನು ಮುಂದೂಡಲಾಯಿತು.

ಆಮೇಲೆ ರಣಹದ್ದುಗಳು ಬಂದವು; ಅವು ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಚಳಿಗಾಲದ ಹೊತ್ತಿಗೆ ಬುರುಡೆ ಮತ್ತು ಕೊಂಬು ಮಾತ್ರ ಉಳಿದವು. ಅಂಚೆ ತರಬೇಕಾದಾಗ ನಾನು ಪೋಗ್‌ಗೆ ಫೋನ್ ಮಾಡುತ್ತೇನೆ. "ಹೋಗಿ ಬಾ ಮಾರಾಯ, ಬೇಟೆಗಾರರಿಗೆ ಕಾಣೋ ಹಾಗೆ ಕಿತ್ತಳೆ ಜಾಕೆಟ್ ಹಾಕ್ಕೊ, ಹಿಕರಿ ಮರದ ಕಡೆ ತಿರುಗಬೇಡ" ಎನ್ನುತ್ತಾನೆ. ನಾನು ತಿರುಗುವುದಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ.

ಈಗ ಒಂದು ಅಳಿಲು ಬಂದು ಕೊಂಬನ್ನು ಕಡಿಯುತ್ತಿದೆ. ಕೊಂಬಿನಲ್ಲಿ ಸುಣ್ಣದ ಸತ್ವವಿದೆಯಂತೆ. ನನ್ನ ಜಗಲಿಯಿಂದ ನೋಡಿದರೆ ಅದು ಹತ್ತಿ ಕೂತಿರುವುದು ಎಡಗೊಂಬಿನ ಮೇಲೆ, ಅಂದರೆ ಪೋಗ್‌ನ ಪಾಲು. ಪಾಪ ಅನ್ನಿಸುತ್ತದೆ. ಸಮಾಧಾನ ಹೇಳಲು ಫೋನ್ ಮಾಡಿದೆ. ಪೋಗ್ ಒಳ್ಳೆಯ ಉಲ್ಲಾಸದಲ್ಲಿದ್ದ. ಎದುರಿನ ಜಗಲಿಯಲ್ಲಿ ಕೂತ ಅವನಿಗೆ ಅಳಿಲು ತಿನ್ನುತ್ತಿರುವುದು ಬಲಗೊಂಬು. ನನಗೆ ಸಮಾಧಾನ ಹೇಳಲು ಅವನೇ ಫೋನ್ ಮಾಡುವವನಿದ್ದನಂತೆ.

ಹೀಗೆ ಈ ಸಾಲಿನಲ್ಲೂ ಯಾರಿಗೂ ಏನೂ ನಷ್ಟವಾಗಿಲ್ಲ. ಬೇಸಿಗೆ ಬಂದಿದೆ, ಬಣ್ಣ ಮಾಸಿದೆ. ನನ್ನ ವಾಲ್‌ನಟ್ ಮರಕ್ಕೆ ತಕರಾರು ಎತ್ತುವುದಾಗಿ ಪೋಗ್ ಸೂಚನೆ ಕೊಟ್ಟಿದ್ದಾನೆ. ಅಡುಗೆಮನೆಯ ಸಾಮಾನನ್ನು ನಾನು ಹಜಾರಕ್ಕೆ ಸಾಗಿಸುತ್ತಿದ್ದೇನೆ.