ಸಾವಿರದ ಒಂದನೇ ಷೇರು

ತೈವಾನಿನಲ್ಲಿ ಶಾಲೆ ಬಿಟ್ಟವನಿಗೆ ಮರ್ಯಾದೆ ಕಡಿಮೆ. ನಮ್ಮ ಸಿಂಚು ಊರಿನಲ್ಲಂತೂ ಇಲ್ಲವೇ ಇಲ್ಲ. ಇಲ್ಲಿ ಬೆಳಿಗ್ಗೆ ನಾಯಿ ಅಡ್ಡಾಡಿಸುವವರೂ ಚಿಪ್ ಎಂಜಿನಿಯರುಗಳೇ. ಹೀಗಿರುವಾಗ, ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದ ನನಗೆ ನನ್ನ ಅಜ್ಜಿ, ಅಂದರೆ ಆಮಾ, ಒಂದು ದಿನ ಹೇಳಿದಳು:

"ಆ-ಹಾನ್, ನನ್ನ ಷೇರುಗಳನ್ನ ನೀನೇ ನೋಡ್ಕೋ. ಒಂದು ತಿಂಗಳು ಎಡವಟ್ಟು ಮಾಡ್ದೆ ಇದ್ರೆ ಶಾಲೆ ಸುದ್ದಿ ಎತ್ತಲ್ಲ. ಮಾಡಿದ್ಯೋ, ಬರೋ ಸೋಮವಾರನೇ ಹೆಗಲಿಗೆ ಚೀಲ!"

ನಾನು ಆಗಲೇ ಪೆನ್ನು, ಸ್ಕೇಲು ಹುಡುಕಿದೆ.

ಆಮಾಳ ಬಳಿ ಇದ್ದದ್ದು ಮೂರು ಕಂಪನಿಗಳ ಷೇರು. ನಾನು ಹದಿನೆಂಟು ಪುಟಗಳ ಮಹಾವಿಶ್ಲೇಷಣೆ ಬರೆದೆ. (ಅಂಚಿನ ಗೆರೆ ಎಳೆಯುವುದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು.) ಚಿಪ್ ಕಂಪನಿಯದನ್ನು ಇಟ್ಟುಕೊಳ್ಳಬೇಕು. ಕಂಪ್ಯೂಟರ್ ತಣಿಸುವ ಫ್ಯಾನ್ ಕಂಪನಿಯದನ್ನು ಖಂಡಿತ ಇಟ್ಟುಕೊಳ್ಳಬೇಕು. ಜಗತ್ತಿನ ಕಂಪ್ಯೂಟರುಗಳೆಲ್ಲ ಈಗ ಯೋಚಿಸಿ ಯೋಚಿಸಿ ಬಿಸಿಯಾಗಿವೆ. ಟೀವಿ ಪರದೆ ಕಂಪನಿ? ನಾಲ್ಕು ವರ್ಷದಿಂದ ನಷ್ಟ. ಮಾರಲೇಬೇಕು!

ಅದರಲ್ಲಿ ಇದ್ದವು ಸಾವಿರದ ಒಂದು ಷೇರು. ಸಾವಿರ ಒಂದೇ ಏಟಿಗೆ ಹೋದವು. ಇಲ್ಲಿ ವ್ಯಾಪಾರ ನಡೆಯುವುದು ಸಾವಿರದ ಕಂತೆಗಳಲ್ಲಿ; ಒಂಟಿ ಷೇರನ್ನು ಬೇರೆಯಾಗಿ ಮಾರಬೇಕು. ಇನ್ನೊಬ್ಬನಾಗಿದ್ದರೆ ಬಿಟ್ಟುಬಿಡುತ್ತಿದ್ದ. ನಾನು ಅರ್ಧ ದಿನ ಕಾದು ಕುಳಿತು ಅದನ್ನೂ ಮಾರಿ, ಹದಿನೆಂಟನೇ ಪುಟದಲ್ಲಿ "ಉಳಿದದ್ದು: ಸೊನ್ನೆ" ಎಂದು ಬರೆದು ಅಡಿಗೆರೆ ಎಳೆದೆ.

ನಾಲ್ಕೇ ದಿನ! ಪರದೆ ಕಂಪನಿಯ ಷೇರು ಬೆಲೆ ದಬದಬನೆ ಬಿದ್ದಿತು. ನಾನು ಕುರ್ಚಿ ಹತ್ತಿ ಕುಣಿದೆ. (ಬಾಗಿಲು ಹಾಕಿಕೊಂಡು.) ಪುಟಗಳನ್ನು ಹಿಡಿದು ಅಡುಗೆಮನೆಗೆ ಓಡಿದರೆ, ಪಕ್ಕದ ಮನೆಯ ಶ್ಯೂ-ಯೂನ್ ಚಿಕ್ಕಮ್ಮ ನನಗಿಂತ ಮೊದಲೇ ಅಲ್ಲಿದ್ದರು. ಕೈಯಲ್ಲಿ ಪತ್ರಿಕೆ. ಈ ವರ್ಷ ಯಾವ ಕಂಪನಿ ಷೇರುದಾರರಿಗೆ ಏನು ಉಡುಗೊರೆ ಕೊಡುತ್ತದೆಂಬ ಪಟ್ಟಿ ಅದರಲ್ಲಿತ್ತು.

"ಅಕ್ಕಾ, ಬಂತು! ಪರದೆ ಕಂಪನಿ ಈ ಸಲ ಮುಚ್ಚಳ ಕೊಡ್ತಿದೆ!"

ಆಮಾ ಬೆಳ್ಳುಳ್ಳಿ ಬಿಸಾಕಿ ಕಪಾಟು ತೆರೆದಳು. ಒಂದರೊಳಗೊಂದು ಕೂರುವ ನಾಲ್ಕು ಸ್ಟೀಲ್ ಡಬ್ಬಿಗಳು. ಅದೇ ಕಂಪನಿಯಿಂದ ವರ್ಷಕ್ಕೊಂದರಂತೆ ಉಡುಗೊರೆ ಬಂದವು. ಒಂದಕ್ಕೂ ಮುಚ್ಚಳವಿಲ್ಲ.

"ನಾಲ್ಕು ವರ್ಷ ಕಾದೆ ಕಣೇ! ಇಲ್ದಿದ್ರೆ ಆ ದರಿದ್ರ ಷೇರನ್ನ ಯಾರು ಇಟ್ಕೋತಿದ್ರು?"

"ಆಮಾ… ಅದನ್ನ ಮಾರಿಬಿಟ್ಟೆ. ಆದ್ರೆ ಇವತ್ತು ಬಿದ್ದಿದೆ! ಎರಡು ಸಾವಿರ ಉಳೀತು!"

"ಮುಚ್ಚಳ?"

"ಷೇರುದಾರರ ಪಟ್ಟಿ ನಿನ್ನೆಗೇ ಮುಚ್ಚಿತಲ್ಲಪ್ಪಾ, ಈಗ ಮತ್ತೆ ಕೊಂಡ್ರೂ ಸಿಗಲ್ಲ," ಎಂದರು ಚಿಕ್ಕಮ್ಮ. "ಹೋಗ್ಲಿ ಬಿಡಿ ಅಕ್ಕಾ. ಒಂದೇ ಒಂದು ಷೇರಿದ್ರೂ ಕೊಡ್ತಾರೆ. ಒಂದಾದ್ರೂ ಉಳಿಸಿರ್ತಾನೆ, ಅಷ್ಟೂ ಬುದ್ಧಿ ಇರಲ್ವಾ?"

ನಾನು ಹದಿನೆಂಟನೇ ಪುಟವನ್ನು ಬೆನ್ನ ಹಿಂದೆ ಮುಚ್ಚಿಟ್ಟೆ. ಆಮಾ ಕೈ ಚಾಚಿ ಕಿತ್ತುಕೊಂಡು ಓದಿದಳು.

ಸೋಮವಾರ ಶಾಲೆಗೆ ಹೋದೆ. ಮಧ್ಯಾಹ್ನ, ಸಾಲಾಗಿಟ್ಟ ಊಟದ ಡಬ್ಬಿಗಳಲ್ಲಿ ನನ್ನದನ್ನು ಹುಡುಕಬೇಕಾಗಲಿಲ್ಲ. ಪರದೆ ಕಂಪನಿಯ ಡಬ್ಬಿಯೊಂದಕ್ಕೆ ಅನ್ನ, ಮೊಟ್ಟೆ, ಸಾರು ತುಂಬಿ, ಮುಚ್ಚಳದ ಬದಲು ನನ್ನ ಮಹಾವಿಶ್ಲೇಷಣೆಯನ್ನು ಹೊದಿಸಿ, ಆಮಾ ರಬ್ಬರ್ ಬ್ಯಾಂಡ್ ಬಿಗಿದಿದ್ದಳು. ಹದಿನೆಂಟೂ ಪುಟ. ಒಂದು ಹನಿಯೂ ಸೋರಿರಲಿಲ್ಲ.