ರಟ್ಟಿನ ಗೇಟೂ ತೆರೆಯಬಾರದೆಂದು ನೋಟೀಸು ಕಳಿಸಿದ ಮಿಲ್ಲಿನ ಮಾಲೀಕರಿಗೆ

ಮಾನ್ಯರೇ,

ಬಿಳಿಕೆರೆ ಪಕ್ಕದ ತಮ್ಮ ನೂಲಿನ ಮಿಲ್ಲಿಗೂ, ಅದರ ಬೀಗಕ್ಕೂ, ಬೀಗದ ಮೇಲೆ ಹಬ್ಬಿರುವ ಬಳ್ಳಿಗೂ ಕ್ಷೇಮ ಕೋರಿ ಚಿಕ್ಕಬೀರಮ್ಮನಾದ ನಾನು ಬರೆದುಕೊಳ್ಳುವುದೇನೆಂದರೆ, ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು, ಕೋರ್ಟಿಗೆ ಹಾಕಬಾರದು.

ಮಿಲ್ಲು ಮುಚ್ಚಿದಾಗ ಕೆಲಸಗಾರರಿಗೆ ಒಂದು ಚೀಟಿಯನ್ನೂ ಕಳಿಸದ ತಾವು, ಕೆಲಸವಿಲ್ಲದ ನಮ್ಮ ಹುಡುಗ ಹುಡುಗಿಯರು ಕಟ್ಟಿದ ನಾಟಕಕ್ಕೆ ವಕೀಲರ ಕೈಲಿ ರಿಜಿಸ್ಟರ್ ನೋಟೀಸು ಕಳಿಸಿದ್ದೀರಿ. ಇಷ್ಟು ಮರ್ಯಾದೆ ನಮಗೆ ಅಭ್ಯಾಸವಿಲ್ಲ. ದೇವರ ಪಟದ ಹಿಂದೆ ಇಟ್ಟು, ಗಳಿಗೆಗೊಮ್ಮೆ ತೆಗೆದು ನೋಡಿ ಹೆದರುತ್ತಿದ್ದೇನೆ.

ನಾಟಕದ ಕೊನೆಗೆ ಮಿಲ್ಲಿನ ರಟ್ಟಿನ ಗೇಟನ್ನು ತೆರೆಯುವವಳು, ತಮ್ಮಲ್ಲೇ ನೂಲು ಸುತ್ತುತ್ತಿದ್ದ ನನ್ನ ಮಗಳು ರಾಣಿ. ಅದನ್ನು ನೋಡಿದ ನಮ್ಮೂರಿನ ಪುಟ್ಟತಾಯಮ್ಮ ಮಾರನೇ ಬೆಳಿಗ್ಗೆಯೇ ಮಗನ ಮಾರ್ಕ್ಸ್ ಕಾರ್ಡು ಹಿಡಿದು ನಿಜವಾದ ಗೇಟಿಗೆ ಹೋಗಿ ನಿಂತಳು. "ಅದು ನಾಟ್ಕ ಕಣವ್ವ" ಎಂದು ವಾಚ್‌ಮನ್ ಅಣ್ಣಯ್ಯ ತಿಳಿಹೇಳಿದರೆ, "ರಟ್ಟಿಂದೇ ತೆಗೀತದೆ, ಈ ಕಬ್ಣದ್ದುಕ್ಕೇನ್ ರೋಗ ಬಂದದೆ" ಎಂದು ಕೇಳಿದಳಂತೆ. ಇದರಿಂದ ಮಿಲ್ಲಿನ ನೆಮ್ಮದಿ ಕೆಟ್ಟಿತು, ಗೇಟು ತೆರೆಯುವುದನ್ನು ಬಿಡಬೇಕು, ಇಲ್ಲವೇ ನಾಟಕವನ್ನೇ ನಿಲ್ಲಿಸಬೇಕು ಎಂದು ನೋಟೀಸಿನಲ್ಲಿದೆ. ಸದ್ಯ ಅಲ್ಲಿ ತಯಾರಾಗುವುದು ನೆಮ್ಮದಿ ಒಂದೇ ಆದ್ದರಿಂದ, ಅದು ಕೆಟ್ಟಿದ್ದು ನಮಗೂ ಬೇಸರವೇ.

ನನ್ನ ಸಂಕಟ ಬೇರೆ. ಕೆಲಸ ಹೋದ ಮೇಲೆ ರಾಣಿ ಗೋಡೆ ಕಡೆ ಮುಖ ಮಾಡಿ ಮಲಗಿದವಳು, ಕರೆದರೂ ಏಳುತ್ತಿರಲಿಲ್ಲ. ತಾಲೀಮು ಶುರುವಾದ ಮೇಲೆ ತಲೆ ಬಾಚುತ್ತಾಳೆ, ಮಾತಿನ ಅಭ್ಯಾಸಕ್ಕೆಂದು ಕೊಟ್ಟಿಗೆಯ ದನಗಳನ್ನು ಬೈಯುತ್ತಾಳೆ. ಭಾನುವಾರ ಹುಣಸೂರಿನಲ್ಲಿ ಆಟ. ನಿಲ್ಲಿಸಿದರೆ ಮತ್ತೆ ಗೋಡೆಗೆ ತಿರುಗುತ್ತಾಳೇನೋ ಎಂದು ನನಗೆ ನಿದ್ದೆಯಿಲ್ಲ. ನಿಲ್ಲಿಸಲೇಬೇಕೆಂದಿದ್ದರೆ ಕೈಮುಗಿಯುತ್ತೇನೆ, ಪಾತ್ರಧಾರಿಗಳಿಗೆಲ್ಲ ಮಿಲ್ಲಿನಲ್ಲಿ ಕೆಲಸ ಕೊಟ್ಟುಬಿಡಿ; ಶಿಫ್ಟು ಇದ್ದರೆ ತಾಲೀಮಿಗೆ ಯಾರೂ ಬರುವುದಿಲ್ಲ, ನಾಟಕ ತಾನಾಗಿ ನಿಲ್ಲುತ್ತದೆ, ವಕೀಲರ ಖರ್ಚೂ ಉಳಿಯುತ್ತದೆ.

ಅಷ್ಟು ತೊಂದರೆ ತಮಗಾಗದಿದ್ದರೆ, ಅಪ್ಪಣೆಯಂತೆ ರಟ್ಟಿನ ಗೇಟು ಮುಚ್ಚಿಯೇ ಇರುತ್ತದೆ, ರಾಣಿ ಅದರ ಮುಂದೆ ನಿಂತು ತಮ್ಮ ನೋಟೀಸನ್ನು ಒಂದಕ್ಷರ ಬಿಡದೆ ಓದುತ್ತಾಳೆ. ನಿನ್ನೆ ತಾಲೀಮಿನಲ್ಲಿ ಓದಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ಮೊದಲು ನಕ್ಕವಳು ಅವಳೇ. ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಆ ಉಪಕಾರ ಮರೆಯುವುದಿಲ್ಲ.

ಹೆದರಿಕೊಂಡೇ ತಮ್ಮ ವಿಶ್ವಾಸಿ,
ಚಿಕ್ಕಬೀರಮ್ಮ

ವಿ.ಸೂ.: ಮಾಲೀಕರ ಪಾತ್ರಕ್ಕೆ ಯಾರನ್ನೂ ಹಾಕಿಲ್ಲ, ಒಂದು ಖಾಲಿ ಕುರ್ಚಿ ಇಟ್ಟಿದ್ದೇವೆ. ಥೇಟ್ ತಮ್ಮ ಹಾಗೇ ಮಾಡುತ್ತಿದೆ ಎಂದು ಹಳೇ ಕೆಲಸಗಾರರೆಲ್ಲ ಮೆಚ್ಚಿದ್ದಾರೆ. ದಯವಿಟ್ಟು ಭಾನುವಾರ ಬಂದು ಅದರಲ್ಲಿ ಕೂತು ನಾಟಕ ಕೆಡಿಸಬಾರದು.